ಕತ್ತರಿಗೆ ಮುನ್ನ ಮುಲಾಮು

ಶಿಶ್ನದ ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದಿದ್ದರೆ ಅದಕ್ಕೆ ವೈದ್ಯರು ‘ಫೈಮೋಸಿಸ್’ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಸೂಚಿಸುತ್ತಿದ್ದ ಪರಿಹಾರ ಸುನ್ನತಿ. ಧಾರ್ಮಿಕ ಸಂಸ್ಕಾರದ ಮಾತು ಬೇರೆ. ಇದು ಆಸ್ಪತ್ರೆಯ ರೂಢಿ.

ಆ ರೂಢಿಯನ್ನು ಪ್ರಶ್ನಿಸಿದವರು ಕೇಂಬ್ರಿಜ್‌ನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್. ನವಜಾತ ಗಂಡುಮಕ್ಕಳಲ್ಲಿ ಮುಂದೊಗಲು ಪೂರ್ತಿ ಸರಿಯುವುದು ಶೇ 4ರಷ್ಟು ಮಂದಿಯಲ್ಲಿ ಮಾತ್ರ, ಅದು ರೋಗವಲ್ಲ ಎಂದು 1949ರಲ್ಲಿ ಅವರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಡೆನ್ಮಾರ್ಕಿನ ಶಾಲಾ ಬಾಲಕರನ್ನು ಪರೀಕ್ಷಿಸಿದ ಯಾಕೋಬ್ ಓಸ್ಟರ್, ಹದಿನೇಳರ ಹೊತ್ತಿಗೆ ಈ ಬಿಗಿತ ಉಳಿಯುವುದು ನೂರಕ್ಕೆ ಒಬ್ಬನಲ್ಲಿ ಎಂದು 1968ರಲ್ಲಿ ತೋರಿಸಿದರು.

ಹಾಗಾದರೆ ಆ ಒಬ್ಬನ ಪಾಡೇನು? 1990ರ ದಶಕದಲ್ಲಿ ಸ್ಟೆರಾಯ್ಡ್ ಮುಲಾಮಿನ ಬಳಕೆ ಹಬ್ಬಿತು. ವೈದ್ಯರು ಹೇಳಿದಂತೆ ಕೆಲವು ವಾರ ಹಚ್ಚಿ, ಚರ್ಮವನ್ನು ಮೆಲ್ಲಗೆ ಹಿಗ್ಗಿಸುತ್ತ ಬಂದರೆ ಅನೇಕರಿಗೆ ಶಸ್ತ್ರಕ್ರಿಯೆಯೇ ಬೇಕಾಗದು. ಅದು ಫಲಿಸದಿದ್ದರೆ ‘ಪ್ರಿಪ್ಯೂಶಿಯೊಪ್ಲಾಸ್ಟಿ’ ಉಂಟು. ಬಿಗಿದ ಭಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುತ್ತಾರೆ. ಬಾಯಿ ಅಗಲವಾಗುತ್ತದೆ, ಚರ್ಮವೂ ಉಳಿಯುತ್ತದೆ. ರೋಗದಿಂದ ಚರ್ಮ ಬೆಳ್ಳಗೆ ಗಡುಸಾಗಿದ್ದರೆ ಮಾತ್ರ ಹೆಚ್ಚಾಗಿ ಸುನ್ನತಿಯೇ ದಾರಿ.

ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟವನು ಕೊನೆಗೆ ವೈದ್ಯರೆದುರು ಕುಳಿತಾಗ, ‘ಕತ್ತರಿಸದೆ ಆಗುವುದಿಲ್ಲವೇ?’ ಎಂದು ಕೇಳಲು ಹಿಂಜರಿಯಬೇಕಿಲ್ಲ. ಈ ಮೂರೂ ದಾರಿಗಳನ್ನು ಬಲ್ಲ ಮೂತ್ರರೋಗ ತಜ್ಞರು ಆ ಪ್ರಶ್ನೆಗೆ ಕಾರಣಸಹಿತ ಉತ್ತರ ಕೊಡುತ್ತಾರೆ.