ವಿಂಟೇಜ್ ಕಾರುಗಳ ಪುನರುಜ್ಜೀವನ

ವಿಂಟೇಜ್ ಕಾರುಗಳ ಪುನರುಜ್ಜೀವನ ಎಂದರೆ ತಯಾರಿಕೆ ನಿಂತು ದಶಕಗಳೇ ಕಳೆದಿರುವ ಮೋಟಾರು ಕಾರುಗಳನ್ನು ದುರಸ್ತಿಗೊಳಿಸಿ ಓಡುವ ಸ್ಥಿತಿಗೆ ತರುವ ಮತ್ತು ಆ ಸ್ಥಿತಿಯಲ್ಲಿ ಕಾಯ್ದುಕೊಂಡು ಬರುವ ಹವ್ಯಾಸ. ಇದರಲ್ಲಿ ಎರಡು ಬಗೆಯ ಕೆಲಸಗಳು ಅಡಕವಾಗಿವೆ. ಓಡುತ್ತಿರುವ ಹಳೆಯ ಕಾರನ್ನು ಕೆಡದಂತೆ ನೋಡಿಕೊಳ್ಳುವುದು ನಿರ್ವಹಣೆ. ಕೆಟ್ಟು ನಿಂತಿರುವ ಕಾರನ್ನು ಪೂರ್ಣವಾಗಿ ಬಿಚ್ಚಿ, ಹಾಳಾದ ಭಾಗಗಳನ್ನು ಸರಿಪಡಿಸಿ ಅಥವಾ ಹೊಸದಾಗಿ ತಯಾರಿಸಿ ಮರುಜೋಡಿಸುವುದು ಪುನರುಜ್ಜೀವನ. ಮೊದಲನೆಯದಕ್ಕೆ ವಾರದ ಕೆಲವು ಗಂಟೆಗಳು ಸಾಕು. ಎರಡನೆಯದು ಹಲವು ವರ್ಷಗಳನ್ನು ತೆಗೆದುಕೊಳ್ಳುವುದು ಸಾಮಾನ್ಯ. ಬಿಚ್ಚಿಟ್ಟ ಮೇಲೆ ಮರುಜೋಡಣೆಯಾಗದೆ ಪೆಟ್ಟಿಗೆಗಳಲ್ಲಿಯೇ ಉಳಿದುಹೋದ ಕಾರುಗಳ ಸಂಖ್ಯೆಯೂ ಕಡಿಮೆಯಲ್ಲ.

ವ್ಯಾಖ್ಯಾನ

‘ವಿಂಟೇಜ್’ ಎಂಬ ಪದವನ್ನು ಹಳೆಯ ಕಾರುಗಳೆಲ್ಲಕ್ಕೂ ಬಳಸುವ ರೂಢಿ ಇದೆಯಾದರೂ ಹವ್ಯಾಸಿಗಳಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ. ಬ್ರಿಟನ್ನಿನ ವಾಡಿಕೆಯಂತೆ 1919ರಿಂದ 1930ರವರೆಗೆ ತಯಾರಾದವು ವಿಂಟೇಜ್ ಕಾರುಗಳು. 1905ಕ್ಕಿಂತ ಹಿಂದಿನವು ವೆಟರನ್, 1905ರಿಂದ 1918ರವರೆಗಿನವು ಎಡ್ವರ್ಡಿಯನ್ ಎನಿಸಿಕೊಳ್ಳುತ್ತವೆ. 1930ರ ನಂತರದವುಗಳನ್ನು ಸಾಮಾನ್ಯವಾಗಿ ಕ್ಲಾಸಿಕ್ ಎನ್ನುತ್ತಾರೆ. ಆದರೆ ಈ ಪದದ ಎಲ್ಲೆ ದೇಶದಿಂದ ದೇಶಕ್ಕೆ, ಕ್ಲಬ್ಬಿನಿಂದ ಕ್ಲಬ್ಬಿಗೆ ಬದಲಾಗುತ್ತದೆ. ಭಾರತದ ಕಾನೂನು ಮಾತ್ರ ನಿಗದಿತ ಇಸವಿಗಳ ಬದಲಿಗೆ ವಯಸ್ಸನ್ನು ಪರಿಗಣಿಸುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ಕಳೆದ ವಾಹನ ಇಲ್ಲಿ ವಿಂಟೇಜ್ ಆಗಬಲ್ಲದು. ಹೀಗಾಗಿ ಬ್ರಿಟಿಷ್ ಹವ್ಯಾಸಿಯು ವಿಂಟೇಜ್ ಎಂದು ಒಪ್ಪದ ಆರಂಭಿಕ ಅಂಬಾಸಿಡರ್ ಹಾಗೂ ಫಿಯೆಟ್ ಕಾರುಗಳು ಭಾರತದಲ್ಲಿ ಆ ವರ್ಗಕ್ಕೆ ಸೇರಲು ಅರ್ಹವಾಗಿವೆ.

ಇತಿಹಾಸ

ಹಳೆಯ ಕಾರು ಗುಜರಿಯ ವಸ್ತುವಲ್ಲ ಎಂಬ ಭಾವನೆ ಬೇರೂರಲು ಸಾಕಷ್ಟು ಕಾಲ ಹಿಡಿಯಿತು. 1896ರ ನವೆಂಬರ್ 14ರಂದು, ರಸ್ತೆಯ ಮೇಲಿನ ಸ್ವಯಂಚಾಲಿತ ವಾಹನಗಳ ವೇಗಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಕಾಯಿದೆಯ ಸಂಭ್ರಮಕ್ಕಾಗಿ ಲಂಡನ್ನಿನಿಂದ ಬ್ರೈಟನ್ನಿಗೆ ಕಾರುಗಳ ಓಟ ನಡೆದಿತ್ತು. 1927ರಲ್ಲಿ ಅದರ ನೆನಪಿಗೆ ಹಳೆಯ ಕಾರುಗಳ ಓಟವೊಂದನ್ನು ಏರ್ಪಡಿಸಲಾಯಿತು. 1905ಕ್ಕಿಂತ ಹಿಂದಿನ ಕಾರುಗಳಿಗೆ ಮೀಸಲಾದ ಈ ಓಟ ಇಂದಿಗೂ ನವೆಂಬರ್ ತಿಂಗಳಲ್ಲಿ ನಡೆಯುತ್ತಿದೆ. 1934ರಲ್ಲಿ ಬ್ರಿಟನ್ನಿನಲ್ಲಿ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ ಸ್ಥಾಪನೆಯಾಯಿತು. ಹೊಸ ಕಾರು ಕೊಳ್ಳಲು ಹಣವಿಲ್ಲದ, ಆದರೆ 1920ರ ದಶಕದ ಕಾರುಗಳೇ ಮೇಲೆಂದು ನಂಬಿದ್ದ ಯುವಕರು ಅದರಲ್ಲಿದ್ದರು. ಇಂದು ಶ್ರೀಮಂತರ ಹವ್ಯಾಸವೆಂದು ಹೆಸರಾಗಿರುವುದರ ಆರಂಭ ಹೀಗೆ ಸಾಧಾರಣ ಜೇಬಿನಿಂದಲೇ ಆಯಿತೆಂಬುದು ಗಮನಾರ್ಹ. ಮರುವರ್ಷ, 1935ರಲ್ಲಿ, ಅಮೆರಿಕದಲ್ಲಿಯೂ ಪುರಾತನ ಕಾರುಗಳ ಕ್ಲಬ್ಬೊಂದು ಹುಟ್ಟಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರಾಸ್ತ್ರಗಳಿಗಾಗಿ ಹಳೆಯ ಲೋಹವನ್ನು ಸಂಗ್ರಹಿಸಿದಾಗ ಲೆಕ್ಕವಿಲ್ಲದಷ್ಟು ಹಳೆಯ ಕಾರುಗಳು ಕುಲುಮೆ ಸೇರಿದವು. 1966ರಲ್ಲಿ ಹಲವು ದೇಶಗಳ ಸಂಘಗಳು ಕೂಡಿ ಫಿವಾ ಎಂಬ ಅಂತಾರಾಷ್ಟ್ರೀಯ ಒಕ್ಕೂಟವನ್ನು ರಚಿಸಿಕೊಂಡವು.

ಭಾರತಕ್ಕೆ ಬಂದ ಆರಂಭದ ಕಾರುಗಳಲ್ಲಿ ಬೆಲೆಬಾಳುವ ಬಹುಪಾಲು ಸಂಸ್ಥಾನಿಕರ ಅರಮನೆಗಳಿಗೆ ಬಂದಂಥವು. ಮೈಸೂರು, ಬರೋಡಾ, ಹೈದರಾಬಾದ್ ಹಾಗೂ ರಾಜಸ್ಥಾನದ ಅರಸರು ರೋಲ್ಸ್-ರಾಯ್ಸ್‌ನಂತಹ ಕಾರುಗಳನ್ನು ತಮ್ಮ ಅಭಿರುಚಿಗೆ ತಕ್ಕ ಮೈಕಟ್ಟಿನೊಂದಿಗೆ ತರಿಸಿಕೊಳ್ಳುತ್ತಿದ್ದರು. ಅಳ್ವರಿನ ಅರಸ ರೋಲ್ಸ್-ರಾಯ್ಸ್ ಕಾರುಗಳನ್ನು ಕಸ ಸಾಗಿಸಲು ಬಳಸಿದನೆಂಬ ಕಥೆ ಬಹಳ ಪ್ರಚಲಿತವಾಗಿದ್ದರೂ ಅದು ದಂತಕಥೆಯ ಮಟ್ಟದ್ದೇ ಸರಿ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ರಾಜಧನ ರದ್ದಾದ ಬಳಿಕ ಇಂತಹ ಅನೇಕ ಕಾರುಗಳು ಅರಮನೆಗಳ ಲಾಯಗಳಿಂದ ಹೊರಬಿದ್ದು ಕೈಬದಲಾದವು. ಸಾಮಾನ್ಯ ಕಾರುಗಳ ಮೂಲ ಬೇರೆ. ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿಯೇ ಮುಂಬಯಿಯಲ್ಲಿ ಜೋಡಣಾ ಘಟಕವನ್ನು ತೆರೆದಿತ್ತು. ಷೆವ್ರೊಲೆಯಂತಹ ಕಾರುಗಳು ವಕೀಲರು, ವೈದ್ಯರು, ಕಾಫಿ ತೋಟದ ಮಾಲೀಕರು ಮೊದಲಾದವರ ಮನೆ ಸೇರಿದವು. ಹಳೆಯ ಮನೆಗಳ ಕೊಟ್ಟಿಗೆಯಲ್ಲಿ ಇಂದು ಸಿಗುವುದು ಹೆಚ್ಚಾಗಿ ಇಂಥವೇ.

ದಿ ಸ್ಟೇಟ್ಸ್‌ಮನ್ ಪತ್ರಿಕೆಯು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ವಿಂಟೇಜ್ ಕಾರು ರ‍್ಯಾಲಿ ದೇಶದಲ್ಲಿ ಈ ಹವ್ಯಾಸಕ್ಕೆ ಒಂದು ಸಾರ್ವಜನಿಕ ರೂಪವನ್ನು ಕೊಟ್ಟಿತು.

ತಾಂತ್ರಿಕ ಕೆಲಸಗಳು

ಮೈಕಟ್ಟು. 1920ರ ದಶಕದ ಬಹಳಷ್ಟು ಕಾರುಗಳ ಮೈ ಪೂರ್ಣ ಲೋಹದ್ದಲ್ಲ. ಆಷ್‌ನಂತಹ ಮರದ ಚೌಕಟ್ಟಿನ ಮೇಲೆ ಉಕ್ಕಿನ ಅಥವಾ ಅಲ್ಯೂಮಿನಿಯಂನ ತಗಡನ್ನು ಹೊದಿಸಿ ಮೊಳೆ ಹೊಡೆದಿರುತ್ತಾರೆ. ಹೊರಗಿನ ತಗಡು ಗಟ್ಟಿಯಾಗಿ ಕಂಡರೂ ಒಳಗಿನ ಮರ ಗೆದ್ದಲು ಅಥವಾ ತೇವದಿಂದ ಹುಡಿಯಾಗಿರಬಹುದು. ಬಾಗಿಲು ಸರಿಯಾಗಿ ಮುಚ್ಚಿಕೊಳ್ಳದಿರುವುದು ಇದರ ಮೊದಲ ಸೂಚನೆ. ಕರಾವಳಿ ಮತ್ತು ಮಲೆನಾಡಿನ ಕಾರುಗಳಲ್ಲಿ ಈ ತೊಂದರೆ ಹೆಚ್ಚು. ಹಾಳಾದ ಮರದ ತುಂಡುಗಳನ್ನು ಮಾದರಿಯಾಗಿಟ್ಟುಕೊಂಡು ಹೊಸ ಮರವನ್ನು ಕೆತ್ತಬೇಕಾಗುವುದರಿಂದ, ಎಷ್ಟೇ ಕೊಳೆತಿದ್ದರೂ ಹಳೆಯ ತುಂಡನ್ನು ಎಸೆಯಬಾರದೆಂಬುದು ಅನುಭವಿಗಳ ನಿಯಮ. ಭಾರತದಲ್ಲಿ ಆಷ್ ಮರ ಸುಲಭವಾಗಿ ದೊರೆಯದ ಕಾರಣ ತೇಗವನ್ನು ಬಳಸುವುದುಂಟು. ತಗಡಿನ ಕೆಲಸವನ್ನು ಟಿಂಕರಿಂಗ್ ಬಲ್ಲವರು ಸುತ್ತಿಗೆ ಮತ್ತು ಮರಳಿನ ಚೀಲದ ನೆರವಿನಿಂದ ಮಾಡುತ್ತಾರೆ. ತೂತುಬಿದ್ದ ಕಡೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಒಂದೆರಡು ಮಳೆಗಾಲದಲ್ಲಿಯೇ ತುಕ್ಕು ಮೇಲೆದ್ದು ಬರುತ್ತದೆ. ಕೊಂಡುಕೊಳ್ಳುವವರು ಚಕ್ರದ ಕಮಾನುಗಳ ಬಳಿ ಆಯಸ್ಕಾಂತವನ್ನು ಹಿಡಿದು ನೋಡುವುದು ಇದೇ ಕಾರಣಕ್ಕೆ. ಅಲ್ಯೂಮಿನಿಯಂ ಮೈಯಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಎಂಜಿನ್. ಈ ಕಾಲದ ಎಂಜಿನ್ನುಗಳ ದೊಡ್ಡ ಸವಾಲೆಂದರೆ ಬಿಳಿಲೋಹದ ಬೇರಿಂಗುಗಳು. ಇಂದಿನ ಎಂಜಿನ್ನುಗಳಲ್ಲಿ ಸವೆದ ಬೇರಿಂಗ್ ಚಿಪ್ಪುಗಳನ್ನು ತೆಗೆದು ಹೊಸದನ್ನು ಕೂರಿಸಿದರಾಯಿತು. ಹಿಂದೆ ತವರ, ಆಂಟಿಮನಿ ಮತ್ತು ತಾಮ್ರಗಳ ಮಿಶ್ರಲೋಹವನ್ನು ಕರಗಿಸಿ ನೇರವಾಗಿ ಬೇರಿಂಗಿನ ಜಾಗಕ್ಕೆ ಎರಕ ಹೊಯ್ಯುತ್ತಿದ್ದರು. ಅದು ಸವೆದರೆ ಹಳೆಯ ಲೋಹವನ್ನು ಕರಗಿಸಿ ತೆಗೆದು, ತಳಕ್ಕೆ ತವರದ ಕಲಾಯಿ ಕೊಟ್ಟು, ಇಡೀ ಭಾಗವನ್ನು ಬಿಸಿಮಾಡಿ ಹೊಸ ಲೋಹವನ್ನು ಹೊಯ್ಯಬೇಕು. ಆಮೇಲೆ ಎಲ್ಲ ಬೇರಿಂಗುಗಳನ್ನು ಒಂದೇ ನೇರದಲ್ಲಿ ಕೊರೆದು, ಕ್ರ್ಯಾಂಕ್‌ಶಾಫ್ಟಿಗೆ ನೀಲಿ ಬಣ್ಣ ಹಚ್ಚಿ ಕೂರಿಸಿ, ಬಣ್ಣ ಅಂಟಿದ ಉಬ್ಬುಗಳನ್ನು ಕೈಯಿಂದಲೇ ಹೆರೆಯಬೇಕು. ತಳ ಸಾಕಷ್ಟು ಬಿಸಿಯಾಗದಿದ್ದರೆ ಲೋಹ ಅಂಟಿದಂತೆ ಕಂಡು, ಕಾರು ಓಡಿದ ಮೇಲೆ ಹಪ್ಪಳದಂತೆ ಏಳುತ್ತದೆ. ಪುಸ್ತಕ ಓದಿ ಕಲಿಯಬಹುದಾದ ವಿದ್ಯೆ ಇದಲ್ಲ. ಇದನ್ನು ಬಲ್ಲ ಕುಶಲಕರ್ಮಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಬಿಡಿಭಾಗಗಳ ಕೊರತೆಗಿಂತಲೂ ಗಂಭೀರವಾದ ಸಂಗತಿ.

ಎರಕದ ಕಬ್ಬಿಣದ ಬ್ಲಾಕ್ ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕುವುದು ಅಪಾಯಕರ, ಏಕೆಂದರೆ ಅಸಮವಾದ ಬಿಸಿಯಿಂದ ಬಿರುಕು ಇನ್ನಷ್ಟು ಹರಡಬಹುದು. ಅದರ ಬದಲು ಬಿರುಕಿನುದ್ದಕ್ಕೂ ಲೋಹದ ಕೀಲಿಗಳನ್ನು ಕೂರಿಸಿ ‘ಹೊಲಿಯುವ’ ವಿಧಾನವಿದೆ. ರೇಡಿಯೇಟರಿಗೆ ಗಡಸು ಕೊಳವೆಬಾವಿ ನೀರನ್ನು ತುಂಬಿದರೆ ಒಳಗೆ ಸುಣ್ಣ ಕಟ್ಟಿಕೊಂಡು ಎಂಜಿನ್ ಕುದಿಯತೊಡಗುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ‘ಹೊಸದೇ ಉತ್ತಮ’ ಎಂಬ ಊಹೆ ಹಾನಿ ತರಬಲ್ಲದು. ಇಂದಿನ ಎಂಜಿನ್ ಎಣ್ಣೆಗಳಲ್ಲಿರುವ ಮಾರ್ಜಕ ಅಂಶವು ಹಳೆಯ ಎಂಜಿನ್ನಿನ ತಳದಲ್ಲಿ ದಶಕಗಳಿಂದ ಕುಳಿತ ಗಸಿಯನ್ನು ಕದಡುತ್ತದೆ. ಎಣ್ಣೆ ಸೋಸುವ ಫಿಲ್ಟರ್ ಇಲ್ಲದ ಎಂಜಿನ್ನಿನಲ್ಲಿ ಆ ಗಸಿ ನೇರ ಬೇರಿಂಗುಗಳಿಗೆ ಹೋಗುತ್ತದೆ. ಹಾಗೆಯೇ ಕೆಲವು ಆಧುನಿಕ ಗೇರ್ ಎಣ್ಣೆಗಳಲ್ಲಿರುವ ಗಂಧಕದ ಸಂಯುಕ್ತಗಳು ಕಂಚಿನ ಭಾಗಗಳನ್ನು ತಿನ್ನುತ್ತವೆ.

ವಿದ್ಯುತ್ ವ್ಯವಸ್ಥೆ. ಬಹುತೇಕ ಕಾರುಗಳಲ್ಲಿ 6 ವೋಲ್ಟಿನ ವ್ಯವಸ್ಥೆ ಇರುತ್ತದೆ; ಬಟ್ಟೆ ಸುತ್ತಿದ ತಂತಿಗಳು ಒಣಗಿ ಉದುರುವುದರಿಂದ ಬೆಂಕಿಯ ಭಯವೂ ಇದೆ. ಮ್ಯಾಗ್ನೆಟೊ ಇರುವ ಕಾರು ತಣ್ಣಗಿರುವಾಗ ಸುಲಭವಾಗಿ ಚಾಲೂ ಆಗಿ, ಬಿಸಿಯಾದ ಮೇಲೆ ನಿಂತುಹೋದರೆ ಕಾರ್ಬ್ಯುರೇಟರನ್ನು ಬಿಚ್ಚುವ ಮೊದಲು ಮ್ಯಾಗ್ನೆಟೊದ ಕಂಡೆನ್ಸರ್ ಮತ್ತು ಸುರುಳಿಯನ್ನು ಪರೀಕ್ಷಿಸುವುದು ವಾಡಿಕೆ.

ಬ್ರೇಕು ಮತ್ತು ಚಾಲನೆ. ವಿಂಟೇಜ್ ಕಾರುಗಳ ಬ್ರೇಕುಗಳು ಹೆಚ್ಚಾಗಿ ಸರಳು ಅಥವಾ ಕೇಬಲ್ಲುಗಳಿಂದ ಕೆಲಸ ಮಾಡುವಂಥವು. ನಾಲ್ಕೂ ಚಕ್ರಗಳಲ್ಲಿ ಸಮನಾಗಿ ಹಿಡಿಯುವಂತೆ ಆಗಾಗ ಹೊಂದಿಸಬೇಕು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಇರುವ ಕಾರುಗಳೂ ಇವೆ. ಸಿಂಕ್ರೊಮೆಶ್ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಬಾರಿ ಒತ್ತಿ, ಎಂಜಿನ್ ವೇಗವನ್ನು ಕಿವಿಯಿಂದಲೇ ಅಳೆಯಬೇಕಿತ್ತು. ಫೋರ್ಡ್ ಮಾಡೆಲ್ ಟಿ ಕಾರಿನದಂತೂ ಬೇರೆಯದೇ ಲೋಕ. ಅದರ ಎಡ ಪೆಡಲು ಗೇರಿಗೆ, ನಡುವಿನದು ಹಿಮ್ಮುಖ ಚಲನೆಗೆ, ಬಲಗಡೆಯದು ಬ್ರೇಕಿಗೆ. ವೇಗ ಹೆಚ್ಚಿಸುವ ಸನ್ನೆ ಸ್ಟೀರಿಂಗಿನ ಕೆಳಗಿದೆ. ಇಂದಿನ ಚಾಲಕರು ಅಭ್ಯಾಸಬಲದಿಂದ ಬಲ ಪೆಡಲನ್ನು ತುಳಿದರೆ ಕಾರು ಮುಂದೆ ಹೋಗುವ ಬದಲು ನಿಲ್ಲುತ್ತದೆ. 1908ರಿಂದ 1927ರವರೆಗೆ ಸುಮಾರು 150 ಲಕ್ಷ ಮಾಡೆಲ್ ಟಿ ಕಾರುಗಳು ತಯಾರಾದುದರಿಂದ ಅದರ ಬಿಡಿಭಾಗಗಳು ಈಗಲೂ ಹೊಸದಾಗಿ ಸಿಗುತ್ತವೆ. ಹೊಸ ಹವ್ಯಾಸಿಗೆ ಅಪರೂಪದ ಕಾರಿಗಿಂತ ಇಂತಹ ಸರ್ವಸಾಮಾನ್ಯ ಕಾರೇ ಹೆಚ್ಚು ಅನುಕೂಲ.

ಸುರಕ್ಷತೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಹಳೆಯ ಬಣ್ಣಗಳಲ್ಲಿ ಹಾಗೂ ಮೈಯ ಬೆಸುಗೆಯಲ್ಲಿ ಸೀಸ ಇರುತ್ತವೆ. ಇವನ್ನು ಒಣ ಉಜ್ಜುವುದು, ಗಾಳಿ ಊದಿ ಸ್ವಚ್ಛಗೊಳಿಸುವುದು ಶ್ವಾಸಕೋಶಕ್ಕೆ ಅಪಾಯಕಾರಿ.

ಇಂಧನದ ಸಮಸ್ಯೆ

ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಾಗ ಹಳೆಯ ಕಾರುಗಳ ಮಾಲೀಕರು ಆತಂಕಗೊಂಡಿದ್ದರು. ಆದರೆ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಪದ್ಧತಿ ಮಾರುಕಟ್ಟೆಗೆ ಬಂದದ್ದೇ 1923ರಲ್ಲಿ. ಅದಕ್ಕೂ ಹಿಂದಿನ ಎಂಜಿನ್ನುಗಳು ಸೀಸವಿಲ್ಲದ ಇಂಧನಕ್ಕಾಗಿಯೇ ರೂಪುಗೊಂಡವು. ಎಥನಾಲ್ ತಂದಿರುವ ತೊಂದರೆ ಹೆಚ್ಚು ವಾಸ್ತವವಾದುದು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಈಗ ದೇಶದಲ್ಲಿ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತಿರುವ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಹಳೆಯ ರಬ್ಬರು ಕೊಳವೆಗಳು ಉಬ್ಬಿ ಬಿರುಕು ಬಿಡುತ್ತವೆ. ಕೆಲವು ಕಾರ್ಬ್ಯುರೇಟರುಗಳ ಬೆಂಡಿನ ತೇಲುಗಳಿಗೆ ನೀರು ಸೋಕದಿರಲೆಂದು ಅರಗಿನ ಲೇಪ ಕೊಟ್ಟಿರುತ್ತಾರೆ. ಅರಗು ಎಥನಾಲಿನಲ್ಲಿ ಕರಗುವ ವಸ್ತು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಜೆಟ್ಟುಗಳನ್ನು ತುಸು ದೊಡ್ಡದಾಗಿಸಬೇಕಾಗುತ್ತದೆ. ಕಾರನ್ನು ದೀರ್ಘಕಾಲ ನಿಲ್ಲಿಸುವ ಮೊದಲು ಟ್ಯಾಂಕು ಮತ್ತು ಕಾರ್ಬ್ಯುರೇಟರನ್ನು ಬರಿದು ಮಾಡುವುದು ಅತ್ಯಂತ ಸರಳವಾದ ಪರಿಹಾರ.

ಮೂಲಸ್ವರೂಪದ ಪ್ರಶ್ನೆ

ಎಷ್ಟು ಭಾಗ ಬದಲಾದ ಮೇಲೂ ಕಾರು ಅದೇ ಕಾರಾಗಿ ಉಳಿಯುತ್ತದೆ ಎಂಬುದು ಈ ಹವ್ಯಾಸದ ಬಗೆಹರಿಯದ ವಿವಾದ. ಇದು ನ್ಯಾಯಾಲಯವನ್ನೂ ಮುಟ್ಟಿದೆ. 1929 ಮತ್ತು 1930ರಲ್ಲಿ ಲ ಮಾನ್ ಓಟವನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು ನಂತರದ ವರ್ಷಗಳಲ್ಲಿ ಪದೇ ಪದೇ ಮಾರ್ಪಾಡಾಗಿತ್ತು. ಅದನ್ನು 1 ಕೋಟಿ ಪೌಂಡ್ ಮೌಲ್ಯಕ್ಕೆ ಕೊಳ್ಳಲು ಒಪ್ಪಿದ್ದ ಸಂಸ್ಥೆಯು, ಓಟ ಗೆದ್ದ ಕಾರಿನ ಅಂಶ ಇದರಲ್ಲಿ ಅತ್ಯಲ್ಪವೆಂದು ಹೇಳಿ ಹಿಂದೆ ಸರಿಯಿತು. ಮಾರಾಟಗಾರರು ದಾವೆ ಹೂಡಿದರು. ಆ ಕಾರಿನ ಅಸ್ತಿತ್ವ ಎಂದೂ ಕಡಿದುಹೋಗಿಲ್ಲ, ಅದು ಬದಲಾಗುತ್ತಲೇ ಬಂದಿದೆ, ಆದ್ದರಿಂದ ಅದು ಅಸಲಿಯೇ ಎಂದು 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತೀರ್ಪಿತ್ತಿತು.

ಕಾರ್ಖಾನೆಯಿಂದ ಹೊರಬಂದಾಗ ಇದ್ದುದಕ್ಕಿಂತಲೂ ಹೆಚ್ಚು ಹೊಳೆಯುವಂತೆ ಕಾರನ್ನು ಸಜ್ಜುಗೊಳಿಸುವ ಪ್ರವೃತ್ತಿ ದೀರ್ಘಕಾಲ ಪ್ರಬಲವಾಗಿತ್ತು. ಮಾಸಿದ ಮೂಲ ಬಣ್ಣ, ಸವೆದ ಚರ್ಮದ ಆಸನ, ಹಳೆಯ ದುರಸ್ತಿಯ ಗುರುತುಗಳು ಇದರಿಂದ ಅಳಿಸಿಹೋದವು. ಫಿವಾ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇದಕ್ಕೆ ಪ್ರತಿಯಾಗಿ, ವಾಹನವನ್ನು ಐತಿಹಾಸಿಕ ದಾಖಲೆಯೆಂದು ಪರಿಗಣಿಸಿ ಆದಷ್ಟು ಕಡಿಮೆ ಹಸ್ತಕ್ಷೇಪ ಮಾಡಬೇಕೆಂದೂ ಮಾಡಿದ ಕೆಲಸವನ್ನು ದಾಖಲಿಸಬೇಕೆಂದೂ ಹೇಳುತ್ತದೆ. ಅಮೆರಿಕದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ 2024ರಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದದ್ದು ಹೊಸ ಬಣ್ಣ ಕಾಣದ, ಯಥಾಸ್ಥಿತಿಯಲ್ಲಿ ಉಳಿಸಿಕೊಂಡ 1934ರ ಬುಗಾಟಿ ಟೈಪ್ 59 ಕಾರು. ಸಂರಕ್ಷಿತ ವರ್ಗದ ಕಾರೊಂದಕ್ಕೆ ಅಲ್ಲಿ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಭಾರತದಲ್ಲಿ ಕಾನೂನು

2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಲಾಯಿತು. ರಾಜ್ಯದ ಸಂಕೇತಾಕ್ಷರಗಳ ನಂತರ ‘ವಿಎ’ ಎಂಬ ಅಕ್ಷರಗಳಿರುವ ಸಂಖ್ಯೆಯನ್ನು ಇವುಗಳಿಗೆ ನೀಡಲಾಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂತರದ ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ನಿರ್ವಹಣೆಗಾಗಿ ಮಾತ್ರ ಇಂತಹ ವಾಹನವನ್ನು ರಸ್ತೆಗಿಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಷಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗಿರಬಾರದು ಎಂಬ ಷರತ್ತೂ ಇದೆ. ಬಿಡಿಭಾಗ ಸಿಗದ ಕಾಲದಲ್ಲಿ ಅಂಬಾಸಿಡರ್ ಅಥವಾ ಜೀಪಿನ ಎಂಜಿನ್ ಕೂರಿಸಿಕೊಂಡು ಬದುಕುಳಿದ ಕಾರುಗಳಿಗೆ ಈ ಷರತ್ತು ತೊಡಕಾಗಬಲ್ಲದು. ಆ ಬದಲಾವಣೆ ನಡೆಯದಿದ್ದರೆ ಅವು ಬಹುಶಃ ಗುಜರಿ ಸೇರುತ್ತಿದ್ದವು.

ಸಂಗ್ರಹಾಲಯಗಳು

ಅಹಮದಾಬಾದ್ ಬಳಿಯ ಕಠವಾಡದ ಆಟೊ ವರ್ಲ್ಡ್, ಹರಿಯಾಣದ ತಾವಡೂ ಬಳಿಯ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಮತ್ತು ಕೊಯಮತ್ತೂರಿನ ಜಿಡಿ ಕಾರು ಸಂಗ್ರಹಾಲಯ ದೇಶದ ಹೆಸರಾಂತ ಸಂಗ್ರಹಗಳು. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳು ಯಾತ್ರಿಕರಿಗೆ ಪರಿಚಿತ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಈ ಸಂಗ್ರಹದ ಕಾರುಗಳನ್ನು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿಯಿರುವ ‘ಪಯಣ’ ಸಂಗ್ರಹಾಲಯದಲ್ಲಿಯೂ ಪ್ರದರ್ಶಿಸಲಾಗಿದೆ.