ಆಳಂದ, ಅಫಜಲಪುರ, ಜೇವರ್ಗಿ: ಬೌದ್ಧಿಕ ಅಂಗವಿಕಲರ ವಸತಿ ಆರೈಕೆ

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬೌದ್ಧಿಕ ಅಂಗವಿಕಲರ ಆರೈಕೆ ಬಹುಮಟ್ಟಿಗೆ ಮನೆಯ, ಅದರಲ್ಲೂ ತಾಯಿಯ ಹೊಣೆ. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳಿಗೆ ಇದು ಇನ್ನೂ ಕಠಿಣ. ತಾಯಿತಂದೆ ಮುಪ್ಪಾದಾಗಲೇ ವಸತಿಗೃಹದ ಪ್ರಶ್ನೆ ಏಳುತ್ತದೆ.

ಮನೋರೋಗವೂ ಬೌದ್ಧಿಕ ಅಂಗವೈಕಲ್ಯವೂ ಬೇರೆ ಬೇರೆ. ಎರಡನೆಯದು ಬೆಳವಣಿಗೆಯ ಕಾಲದಲ್ಲೇ ಕಾಣಿಸಿಕೊಳ್ಳುವ ಸ್ಥಿತಿ, ಔಷಧದಿಂದ ಗುಣವಾಗುವ ಕಾಯಿಲೆಯಲ್ಲ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ ಗಾಳಿ ಹಿಡಿದವರೆಂದು ಜನರನ್ನು ಕರೆತರುವ ವಾಡಿಕೆ ಇಂದಿಗೂ ಇದೆ. ಹೀಗಿರುವಲ್ಲಿ ಈ ವ್ಯತ್ಯಾಸವನ್ನು ತಿಳಿಸಿಹೇಳುವುದೇ ಆರೈಕೆಯ ಮೊದಲ ಹೆಜ್ಜೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಸಂಸ್ಥೆ ನಡೆಸುವಂತಿಲ್ಲ. ಸಮುದಾಯದ ನಡುವೆ ಬದುಕುವ ಹಕ್ಕನ್ನೂ ಅದರ 5ನೇ ಕಲಮು ಗುರುತಿಸುತ್ತದೆ. 1999ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ನ್ಯಾಸ ವಯಸ್ಕರಿಗೆ 'ಘರೌಂದಾ' ಸಮೂಹಗೃಹ ಯೋಜನೆಯನ್ನೂ, 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆಯನ್ನೂ ರೂಪಿಸಿದೆ. ಈ ನ್ಯಾಸದಡಿ ಪಾಲಕರನ್ನು ನೇಮಿಸುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ.

ನೋಂದಣಿ ಪತ್ರ ಗೋಡೆಗೆ ತೂಗಿದ್ದರೆ ಸಾಲದು. ಬೌದ್ಧಿಕ ಅಂಗವಿಕಲರಿದ್ದ ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ನಿವಾಸಿಗಳ ಮೇಲೆ ನಡೆಯುತ್ತಿದ್ದ ಹಿಂಸೆ 2011ರಲ್ಲಿ ಬಯಲಾದದ್ದು ಬಿಬಿಸಿಯ ಗುಪ್ತ ಕ್ಯಾಮೆರಾದಿಂದ, ಸರ್ಕಾರಿ ತಪಾಸಣೆಯಿಂದಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಸರಳ: ರಾತ್ರಿ ಎಷ್ಟು ಸಿಬ್ಬಂದಿ ಇರುತ್ತಾರೆ? ಊಟಕ್ಕೆ ರೊಟ್ಟಿಯೋ ಅನ್ನವೋ ಎಂದು ನಿವಾಸಿಯನ್ನು ಯಾರಾದರೂ ಕೇಳುತ್ತಾರೆಯೇ? ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನೆರವಾಗುವವರು ಯಾರು?

ಇನ್ನು ಮನೆಯಲ್ಲೇ ಆರೈಕೆ ಮಾಡುವವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾಸಾಶನ, ಗುರುತಿನ ಚೀಟಿಗಳ ಮಾಹಿತಿ ಕೊಡುತ್ತಾರೆ.