ತಾಮ್ರದ ತಗಡಿನಲ್ಲಿ ಉಳಿದ ಕತ್ತಿವರಸೆ

ಕತ್ತಿವರಸೆ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಗರಡಿಮನೆ, ದಸರೆಯ ಮೆರವಣಿಗೆ, ಯಕ್ಷಗಾನದ ವೀರವೇಷ. ಯೂರೋಪಿನಲ್ಲಿ ಈ ವಿದ್ಯೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ಸಾಗಿದ್ದಲ್ಲದೆ ಕಾಗದದ ಮೇಲೂ ಇಳಿದು ಬಂದಿತು. ತಾಮ್ರದ ತಗಡಿನಲ್ಲಿ ಗೆರೆಗಳನ್ನು ಕೊರೆದು, ಅವುಗಳಲ್ಲಿ ಮಸಿ ತುಂಬಿ, ತೇವಗೊಳಿಸಿದ ಕಾಗದವನ್ನು ಒತ್ತಿ ತೆಗೆದ ಆ ಹಳೆಯ ಚಿತ್ರಗಳನ್ನು ಕೂಡಿಡುವ ಹವ್ಯಾಸ ನ್ಯೂಜಿಲೆಂಡಿನಲ್ಲಿ ನೆಲೆಸಿದ ಮೇಲೆ ನನಗೂ ಅಂಟಿಕೊಂಡಿತು.

ಸಂಗ್ರಾಹಕರು ಬಹುವಾಗಿ ಅರಸುವುದು ಡೊಮೆನಿಕೊ ಆಂಜೆಲೊನ ಗ್ರಂಥದ ಹಾಳೆಗಳನ್ನು. ಇಟಲಿಯ ಲಿವೋರ್ನೊದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆ ನಿಂತ ಈ ಕತ್ತಿವರಸೆಯ ಗುರು, 1763ರಲ್ಲಿ ಫ್ರೆಂಚ್ ಭಾಷೆಯಲ್ಲಿ 'ಲೆಕೋಲ್ ದೆಸಾರ್ಮ್' ಎಂಬ ಗ್ರಂಥವನ್ನು ಹೊರತಂದನು. ಅದರಲ್ಲಿ 47 ಚಿತ್ರಫಲಕಗಳಿವೆ. ಚಿತ್ರಕಾರ ಗ್ವಿನ್ ರೇಖೆಗಳನ್ನು ಎಳೆಯುವಾಗ ಆಂಜೆಲೊ ತಾನೇ ಎದುರಿಗೆ ನಿಂತು ಭಂಗಿಗಳನ್ನು ತೋರಿದನು. ಮೊಣಕಾಲಿನ ಬಾಗು, ಹಿಂದಕ್ಕೆತ್ತಿದ ಎಡಗೈ, ಮುಂದಿಟ್ಟ ಹೆಜ್ಜೆಯ ಅಳತೆ, ಇವೆಲ್ಲವೂ ಕತ್ತಿ ಹಿಡಿದು ಬಲ್ಲವನ ಮೈಯಿಂದಲೇ ಬಂದವು. ದಿದೆರೋ ತನ್ನ ವಿಶ್ವಕೋಶಕ್ಕೆ ಈ ಚಿತ್ರಗಳನ್ನೇ ಕಿರಿದುಗೊಳಿಸಿ ಬಳಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಸಲು ಹಾಳೆಯಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದರೆ ಒಳಗಿನ ಸಾಲುಗೆರೆಗಳು ಕಾಣುತ್ತವೆ. ಸೆರಗನ್ನು ತಿರುವಿ ಜರಿಯನ್ನು ಪರೀಕ್ಷಿಸುವ ನಮ್ಮ ಹೆಂಗಸರಿಗೆ ಈ ವಿದ್ಯೆ ಕಷ್ಟವೇನಲ್ಲ. ಆದರೆ ಒಂದು ಸಂಕಟವಿದೆ. ಅಂಗಡಿಗಳಲ್ಲಿ ಬಿಡಿಯಾಗಿ ದೊರೆಯುವ ಇಂತಹ ಹಾಳೆಗಳಲ್ಲಿ ಬಹುಪಾಲು ಯಾವುದೋ ಗ್ರಂಥದ ಹೊಲಿಗೆ ಬಿಚ್ಚಿ ತೆಗೆದವು. ಗೋಡೆಯ ಅಂದಕ್ಕಾಗಿ ಗ್ರಂಥವನ್ನು ಒಡೆಯುವ ವ್ಯಾಪಾರಕ್ಕೆ ನಾವು ದುಡ್ಡು ಕೊಡಬಾರದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಎಂದೋ ಬೇರ್ಪಟ್ಟು ಹಳೆಯ ಚೌಕಟ್ಟಿನಲ್ಲಿ ಉಳಿದುಬಂದ ಹಾಳೆಯ ಮಾತು ಬೇರೆ.

ಮುದ್ರಿತ ಚಿತ್ರಗಳನ್ನು ಈ ದೇಶಕ್ಕೆ ಹೊತ್ತು ತಂದವರಲ್ಲಿ ಡೆನ್ಮಾರ್ಕಿನ ಬಿಷಪ್ ಮೊನ್‌ರಾಡ್ ಪ್ರಸಿದ್ಧ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಾಗ ಪ್ರಧಾನಿಯಾಗಿದ್ದ ಈತ, ಅಧಿಕಾರ ಕಳೆದುಕೊಂಡು ಸಂಸಾರಸಮೇತ ಇಲ್ಲಿಗೆ ಬಂದು, ಪಾಮರ್‌ಸ್ಟನ್ ನಾರ್ತ್ ಸಮೀಪದ ಕರೆರೆಯಲ್ಲಿ ಕಾಡು ಕಡಿದು ಬೇಸಾಯ ಮಾಡಿದನು. 1869ರಲ್ಲಿ ತಾಯ್ನಾಡಿಗೆ ಮರಳುವಾಗ ರೆಂಬ್ರಾಂಟ್, ಡ್ಯೂರರ್ ಮೊದಲಾದವರ ಸುಮಾರು 600 ಮುದ್ರಿತ ಚಿತ್ರಗಳನ್ನು ಈ ದೇಶಕ್ಕೇ ಕೊಟ್ಟು ಹೋದನು. ಅವು ಈಗ ವೆಲಿಂಗ್ಟನ್ನಿನ ಟೆ ಪಾಪಾ ಸಂಗ್ರಹಾಲಯದಲ್ಲಿವೆ. ಮಸಾಲೆ ಡಬ್ಬಿಯನ್ನೂ ಸುಪ್ರಭಾತದ ಕ್ಯಾಸೆಟ್ಟನ್ನೂ ಹೊತ್ತು ತಂದ ನಮಗೆ ಆತನ ಪೆಟ್ಟಿಗೆಯ ಭಾರ ಅರ್ಥವಾಗದ ಸಂಗತಿಯಲ್ಲ.

ಈ ನಾಡಿಗೂ ನಮ್ಮ ನಾಡಿಗೂ ಚಿತ್ರಕಲೆಯ ಇನ್ನೊಂದು ನಂಟುಂಟು. ಕುಕ್ಕನ ಎರಡನೆಯ ಯಾನದಲ್ಲಿ, 1773ರಲ್ಲಿ, ಇಲ್ಲಿನ ಡಸ್ಕಿ ಸೌಂಡ್ ಕೊಲ್ಲಿಯನ್ನು ಚಿತ್ರಿಸಿದ ವಿಲಿಯಂ ಹಾಡ್ಜಸ್ 1780ರಲ್ಲಿ ಮದರಾಸಿಗೆ ಬಂದನು. ಅದೇ ವರ್ಷ ಹೈದರಾಲಿಯ ಸೇನೆ ಕರ್ನಾಟಿಕ್ ಪ್ರಾಂತವನ್ನು ನುಗ್ಗಿದ್ದರಿಂದ ಆತನ ದಕ್ಷಿಣದ ಪ್ರವಾಸ ಕೈಗೂಡದೆ ಬಂಗಾಳಕ್ಕೆ ಹೊರಟುಹೋದನು. ಶ್ರೀರಂಗಪಟ್ಟಣವನ್ನು ಚಿತ್ರಿಸುವ ಕೆಲಸ ಬೇರೆಯವರ ಪಾಲಾಯಿತು.

ಆಂಜೆಲೊನ ಹಾಳೆಗಳನ್ನು ನೋಡಿ ಪಳಗಿದ ಕಣ್ಣು ನಮಗೆ ಬೇಕಾಗುವುದು ಇಲ್ಲಿಯೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಆ ಮುತ್ತಿಗೆಯ ಬೃಹತ್ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನ ಮುಗಿಬಿದ್ದು ನೋಡಿದರು. ಮೂಲಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ವೆಂಡ್ರಮಿನಿ ತಗಡಿನಲ್ಲಿ ಕೊರೆದ ಪ್ರತಿಗಳು ಉಳಿದವು. ಅಲ್ಲಿ ಮಿಂಚುವ ಕತ್ತಿಗಳಿಗೆ ಲೆಕ್ಕವಿಲ್ಲ. ಆದರೆ ಪೋರ್ಟರ್ ಆಗ ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಕಂಡವನೇ ಅಲ್ಲ. ಅದಕ್ಕೂ ಮೊದಲು, 1791-92ರಲ್ಲಿ, ಕಾರ್ನ್‌ವಾಲಿಸನ ಸೇನೆಯೊಡನೆ ನಡೆದು ಬಂದ ರಾಬರ್ಟ್ ಹೋಮ್ ಮೈಸೂರು ಸೀಮೆಯ ಬೆಟ್ಟದುರ್ಗಗಳನ್ನು ಕಣ್ಣಾರೆ ಕಂಡು ಬರೆದನು. ಅವು 1794ರಲ್ಲಿ ಅಚ್ಚಾದವು. ಆತನೂ ಗೆದ್ದವರ ಕಡೆಯವನೇ, ನಿಜ. ಆದರೂ ಬಂಡೆಯ ಇಳಿಜಾರು ಸುಳ್ಳಾಡುವುದಿಲ್ಲ. 2023ರಲ್ಲಿ ಟಿಪ್ಪುವಿನ ಕತ್ತಿಯೊಂದು ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡುಗಳಿಗೆ ಹೋಯಿತು. ಆ ಕತ್ತಿಯ ಕಥೆಯನ್ನು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಯಾವ ಚಿತ್ರದಿಂದ ತಿಳಿಯುತ್ತಾರೆಂಬುದನ್ನು ಮನೆಯವರೇ ನಿರ್ಧರಿಸಬೇಕು. ಪೋರ್ಟರನ ಚಿತ್ರವನ್ನು ತೂಗುಹಾಕುವವರು ಪಕ್ಕದಲ್ಲಿ ಹೋಮನ ಒಂದು ಹಾಳೆಯನ್ನೂ ಇರಿಸಲಿ. ಯಾರು ಕಂಡು ಬರೆದರು, ಯಾರು ಕಾಣದೆ ಬರೆದರು ಎಂದು ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯಲಿ.

ತೂಗುಹಾಕುವಾಗ ದಿಕ್ಕಿನ ಎಚ್ಚರ ಅಗತ್ಯ. ಇಲ್ಲಿ ಬಿಸಿಲು ಉತ್ತರದ ಕಿಟಕಿಯಿಂದ ಬರುತ್ತದೆ, ಅದರ ನೇರಳಾತೀತ ಕಿರಣಗಳು ಬಲು ತೀಕ್ಷ್ಣ. ಆ ಬೆಳಕು ತಾಕದ ಗೋಡೆಯೇ ಲೇಸು. ಗಾಜಿಗೂ ಕಾಗದಕ್ಕೂ ನಡುವೆ ಅಂತರವಿರಬೇಕು, ಹಿಂಬದಿಗೆ ಆಮ್ಲರಹಿತ ರಟ್ಟು ಹಾಕಬೇಕು. ಸಂಗ್ರಹಾಲಯಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ಚಳಿಗಾಲದ ಥಂಡಿಗೆ ಬೂಷ್ಟು ಹಿಡಿಯದಂತೆ ಹೊರಗೋಡೆಯನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಳ್ಳುವುದು ಉತ್ತಮ. ನಮ್ಮ ಮನೆಯಲ್ಲಿ ಈ ಹಾಳೆಗಳು ವರ್ಷದ ಹೆಚ್ಚು ಕಾಲ ಕತ್ತಲೆಯ ಸೆಳೆಖಾನೆಯಲ್ಲಿಯೇ ಇರುತ್ತವೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಹೊರಬಂದು, ಆಯುಧಪೂಜೆ ಮುಗಿದ ಮೇಲೆ ಗೊಂಬೆಗಳೊಡನೆಯೇ ಒಳಗೆ ಹೋಗುತ್ತವೆ.